ಹಿರಿಯರ ಮಾತು ಹಿಡಿದಿಡಲು ಯಾವ ಯಂತ್ರ?



ತೇನಿ, ಕಂಬಂ, ದಿಂಡಿಗಲ್ ಕಡೆಯ ಕಾಪ್ಪಿಲಿಯರ, ಅನುಪ್ಪರ ಮನೆಗಳಲ್ಲಿ ಆಡುವ ಕನ್ನಡ ಬಾಯಿಂದ ಬಾಯಿಗೆ ಬಂದದ್ದು. ಮಕ್ಕಳ ಓದು ಬರಹವೆಲ್ಲ ತಮಿಳಿನಲ್ಲಿ. ಅಜ್ಜಿಯರ ಹಾಡು, ಒಗಟು ಉಳಿಯಬೇಕಾದರೆ ಧ್ವನಿಮುದ್ರಣ ಮಾಡಿಡಬೇಕು. ಅದಕ್ಕೆ ಏನೇನು ಬೇಕು?

ಮೊದಲನೆಯದು ಗಾಳಿಗೆ ತಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಣಿವೆಯ ಗಾಳಿ ಗಾಳಿಯಂತ್ರಗಳನ್ನೇ ತಿರುಗಿಸುತ್ತದೆ. ಬರಿಯ ಮೈಕಿಗೆ ಅದು ಬಡಿದರೆ ಗೊರಗೊರ ಸದ್ದೇ ಹೊರತು ಮಾತು ಕೇಳದು. ಮೈಕಿಗೆ ಸ್ಪಂಜಿನ ಟೋಪಿ, ಬಯಲಲ್ಲಾದರೆ ಮೇಲೊಂದು ತುಪ್ಪಳದ ಹೊದಿಕೆ ಇರಲಿ.

ಎರಡನೆಯದು ದೂರ. ಬಾಯಿಗೂ ಮೈಕಿಗೂ ಒಂದು ಗೇಣು ಸಾಕು. ದೂರ ಎರಡರಷ್ಟಾದರೆ ದನಿಯ ಬಲ ಕಾಲುಭಾಗಕ್ಕೆ ಇಳಿಯುತ್ತದೆ.

ಮೂರನೆಯದು ಯಂತ್ರ. ಅಂಗಡಿಯಲ್ಲಿ ಸಿಗುವ ಪೆನ್ಸಿಲ್ ಸೆಲ್ ಹಾಕುವಂಥದ್ದನ್ನೇ ಆರಿಸಿ; ತೋಟದಲ್ಲಿ ಕರೆಂಟು ಹುಡುಕಬೇಕಿಲ್ಲ. ಎಂಪಿ3 ಬೇಡ, ಅದು ದನಿಯ ಸೂಕ್ಷ್ಮಗಳನ್ನು ಕತ್ತರಿಸುತ್ತದೆ. ವೇವ್ ಕಡತ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ. 32 ಜಿಬಿ ಕಾರ್ಡಿನಲ್ಲಿ 50 ಗಂಟೆ ಹಿಡಿಸುತ್ತದೆ. ಕಿವಿಗೆ ಹೆಡ್‌ಫೋನ್ ಮರೆಯಬೇಡಿ.

ಹಿರಿಯರ ಒಪ್ಪಿಗೆ ಕೇಳಿ, ಹೆಸರು, ಊರು, ತಾರೀಖು ಹೇಳಿಸಿಯೇ ಮುದ್ರಣ ಶುರುಮಾಡಿ. ಲೆಡ್ಜರಿನ ಹಾಗೆ ಪುಸ್ತಕದಲ್ಲೂ ಬರೆದಿಡಿ. ಅಂದೇ ಎರಡು ಪ್ರತಿ ಮಾಡಿ, ಬೇರೆ ಬೇರೆ ಮನೆಯಲ್ಲಿಡಿ.

ಹಣ ಕೂಡಲಿ ಎಂದು ಕಾಯಬೇಡಿ. ಮೊಬೈಲಿಗೆ ಕಾಲರ್ ಮೈಕ್ ಸಿಕ್ಕಿಸಿದರೂ ಕೆಲಸ ನಡೆಯುತ್ತದೆ. ಯಂತ್ರವನ್ನು ಮುಂದಿನ ವರ್ಷವೂ ಕೊಳ್ಳಬಹುದು. ಎಂಬತ್ತು ದಾಟಿದ ಅಜ್ಜಿಯ ಹಾಡು ಈ ವರ್ಷದ್ದೇ.