ಲಸಿಕೆಯೂ ರೋಗರಕ್ಷೆಯೂ: ಸಾಕುನಾಯಿ ಮತ್ತು ಬೆಕ್ಕುಗಳ ವಿಷಯದಲ್ಲಿ ಒಂದು ವಿವೇಚನೆ

ಆರನೆಯ ವಾರದಲ್ಲಿ ಲಸಿಕೆ ಹಾಕಿಸಿದ್ದರೂ ನಾಯಿಮರಿಯು ಹತ್ತನೆಯ ವಾರದಲ್ಲಿ ವಾಂತಿ ಮತ್ತು ರಕ್ತಭೇದಿಗಳಿಂದ ಸತ್ತುಹೋಗುವುದು ನಮ್ಮ ಪಟ್ಟಣಗಳಲ್ಲಿ ಅಪರೂಪದ ಸಂಗತಿಯೇನಲ್ಲ. ಆಗ ಮನೆಯವರು ಔಷಧಿ ಕಳಪೆಯದೆಂದೋ, ಚುಚ್ಚಿದವರ ಕೈಗುಣ ಸರಿಯಿಲ್ಲವೆಂದೋ, ಲಸಿಕೆಯೆಂಬುದೇ ಹಣ ಕೀಳುವ ಉಪಾಯವೆಂದೋ ತೀರ್ಮಾನಿಸಿಬಿಡುತ್ತಾರೆ; ಮುಂದಿನ ಮರಿಗೆ ಲಸಿಕೆಯನ್ನೇ ಹಾಕಿಸುವುದಿಲ್ಲ. ಔಷಧಿ ಚೆನ್ನಾಗಿದ್ದು, ವೈದ್ಯರೂ ತಪ್ಪು ಮಾಡದೆ, ಮರಿ ಸಾಯುವುದು ಹೇಗೆ ಸಾಧ್ಯ? ಈ ಪ್ರಶ್ನೆಗೆ ಉತ್ತರ ಕೊಡುವುದೇ ಪ್ರಕೃತ ಲೇಖನದ ಮುಖ್ಯೋದ್ದೇಶ. ಲಸಿಕೆ ಹಾಕುವುದು ಬೇರೆ, ರೋಗರಕ್ಷೆ ಉಂಟಾಗುವುದು ಬೇರೆ. ಮೊದಲನೆಯದು ವೈದ್ಯನ ಕೆಲಸ. ಎರಡನೆಯದು ಪ್ರಾಣಿಯ ದೇಹವೇ ಮಾಡಿಕೊಳ್ಳಬೇಕಾದ ಕೆಲಸ.

ಲಸಿಕೆಯ ಮೂಲತತ್ತ್ವ ನಮ್ಮ ವಾಚಕರಿಗೆ ಹೊಸದಲ್ಲ. ರೋಗಾಣುವನ್ನು ಕ್ಷೀಣಗೊಳಿಸಿ ಅಥವಾ ಕೊಂದು ದೇಹದೊಳಕ್ಕೆ ಸೇರಿಸಿದರೆ ದೇಹವು ಅದನ್ನು ಪರಕೀಯವೆಂದು ಗುರುತಿಸಿ ಪ್ರತಿಕಾಯಗಳನ್ನು ಉತ್ಪಾದಿಸುತ್ತದೆ. ಗುರುತಿನ ನೆನಪನ್ನು ಕೆಲವು ಜೀವಕೋಶಗಳು ಬಹುಕಾಲ ಉಳಿಸಿಕೊಳ್ಳುತ್ತವೆ. ನಾಯಿಗಳ ಡಿಸ್ಟೆಂಪರ್, ಪಾರ್ವೊ, ಸಾಂಕ್ರಾಮಿಕ ಯಕೃತ್ತಿನ ಉರಿಯೂತ ಇವುಗಳ ಲಸಿಕೆಗಳಲ್ಲಿರುವುದು ಸಾಮಾನ್ಯವಾಗಿ ಕ್ಷೀಣಗೊಳಿಸಿದ ಜೀವಂತ ವೈರಸ್ಸು. ರೇಬೀಸ್ ಲಸಿಕೆಯಲ್ಲಿರುವುದು ಕೊಂದ ವೈರಸ್ಸು. ಈ ಭೇದವನ್ನು ನೆನಪಿನಲ್ಲಿಡತಕ್ಕದ್ದು. ಜೀವಂತ ಲಸಿಕೆ ಕೆಲಸ ಮಾಡಬೇಕಾದರೆ ಅದರೊಳಗಿನ ವೈರಸ್ಸು ಮರಿಯ ದೇಹದಲ್ಲಿ ಒಂದಿಷ್ಟು ವೃದ್ಧಿಯಾಗಬೇಕು. ವೃದ್ಧಿಗೆ ಅಡ್ಡಿಯಾದರೆ ಚುಚ್ಚಿದ್ದು ನೀರನ್ನು ಚುಚ್ಚಿದಂತೆಯೇ.

ಆ ಅಡ್ಡಿ ಬರುವುದು ಬೇರೆಲ್ಲಿಂದಲೂ ಅಲ್ಲ, ತಾಯಿಯ ಹಾಲಿನಿಂದ. ಮನುಷ್ಯ ಶಿಶುವಿಗೆ ತಾಯಿಯ ಪ್ರತಿಕಾಯಗಳು ಬಹುಮಟ್ಟಿಗೆ ಗರ್ಭದಲ್ಲಿರುವಾಗಲೇ ಮಾಸಿನ ಮೂಲಕ ಬಂದುಬಿಡುತ್ತವೆ. ಕರುವಿಗೆ ಈ ದಾರಿ ಇಲ್ಲ. ಅದಕ್ಕೆ ಗಿಣ್ಣುಹಾಲೇ ಗತಿ. ನಾಯಿ ಮತ್ತು ಬೆಕ್ಕುಗಳು ಈ ವಿಷಯದಲ್ಲಿ ಕರುವಿಗೇ ಹತ್ತಿರ: ಅಲ್ಪಭಾಗ ಮಾತ್ರ ಮಾಸಿನ ಮೂಲಕ ಬರುತ್ತದೆ, ಮಿಕ್ಕದ್ದೆಲ್ಲ ಗಿಣ್ಣುಹಾಲಿನ ಮೂಲಕ. ಅದೂ ಹುಟ್ಟಿದ ಮೊದಲ ಒಂದು ದಿನದೊಳಗೆ. ಆಮೇಲೆ ಮರಿಯ ಕರುಳಿನ ಭಿತ್ತಿ ಈ ದೊಡ್ಡ ಅಣುಗಳನ್ನು ಇಡಿಯಾಗಿ ಒಳಕ್ಕೆ ಬಿಡುವುದಿಲ್ಲ. ಹಳ್ಳಿಯವರು ಕರುವಿಗೆ ಮೊದಲು ಗಿಣ್ಣು ಕುಡಿಸದೆ ಮನೆಗೆ ಕರೆಯಬಾರದೆಂದು ಹೇಳುವ ಮಾತಿನಲ್ಲಿ ದಯೆಯ ಜೊತೆಗೆ ಶಾಸ್ತ್ರವೂ ಅಡಗಿದೆಯೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು.

ತಾಯಿ ಕೊಟ್ಟ ಈ ಪ್ರತಿಕಾಯಗಳು ಮರಿಯನ್ನು ಕೆಲವು ವಾರ ಕಾಪಾಡುತ್ತವೆ. ಆದರೆ ಅವು ಊರಿನ ವೈರಸ್ಸನ್ನೂ ಲಸಿಕೆಯ ವೈರಸ್ಸನ್ನೂ ಬೇರೆ ಬೇರೆಯಾಗಿ ಕಾಣಲಾರವು. ಎರಡನ್ನೂ ಹಿಡಿದು ನಿಷ್ಫಲಗೊಳಿಸುತ್ತವೆ. ಮರಿಯ ದೇಹ ಇವನ್ನು ಹೊಸದಾಗಿ ತಯಾರಿಸುವುದಿಲ್ಲವಾದ ಕಾರಣ, ಬಂದ ಮೂಲಧನವು ಸುಮಾರು ಹತ್ತು ದಿನಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತ ಹೋಗುತ್ತದೆ. ತೊಡಕಿರುವುದು ಈ ಇಳಿತದ ಕೊನೆಯ ಭಾಗದಲ್ಲಿ. ಊರಿನ ವೈರಸ್ಸನ್ನು ತಡೆಯಲು ಹೆಚ್ಚು ಪ್ರತಿಕಾಯ ಬೇಕು. ಲಸಿಕೆಯ ವೈರಸ್ಸನ್ನು ಕೆಡಿಸಲು ಅದಕ್ಕಿಂತ ಕಡಿಮೆ ಸಾಕು. ಆದಕಾರಣ ಪ್ರತಿಯೊಂದು ಮರಿಯ ಬಾಳಿನಲ್ಲೂ ರೋಗ ತಗಲಬಹುದಾದ, ಆದರೆ ಲಸಿಕೆ ಹಿಡಿಯದ ಒಂದು ಅವಧಿ ಇರುತ್ತದೆ.

ಲೆಕ್ಕದ ಸೌಕರ್ಯಕ್ಕಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ರೋಗವನ್ನು ತಡೆಯಲು ಪ್ರತಿಕಾಯದ ಪ್ರಮಾಣ 80 ಇರಬೇಕು, ಲಸಿಕೆ ಫಲಿಸಬೇಕಾದರೆ ಅದು 20ಕ್ಕಿಂತ ಕೆಳಗಿಳಿಯಬೇಕು ಎಂದಿಟ್ಟುಕೊಳ್ಳೋಣ. ಒಂದೇ ಸೂಲಿನ ಎರಡು ಮರಿಗಳಲ್ಲಿ ಬಡಕಲು ಮರಿಗೆ 640ರಷ್ಟು ಪ್ರತಿಕಾಯ ಸಿಕ್ಕಿದೆ. ಮುನ್ನುಗ್ಗಿ ಹಾಲು ಕುಡಿದ ಗಟ್ಟಿ ಮರಿಗೆ 2,560 ಸಿಕ್ಕಿದೆ. ಹತ್ತು ದಿನಕ್ಕೊಮ್ಮೆ ಅರ್ಧವಾದರೆ ಬಡಕಲು ಮರಿ 30ನೆಯ ದಿನ 80ಕ್ಕೂ 50ನೆಯ ದಿನ 20ಕ್ಕೂ ಬರುತ್ತದೆ. ಗಟ್ಟಿ ಮರಿ ಅದೇ ಅಂಕಗಳಿಗೆ ಬರುವುದು 50ನೆಯ ಮತ್ತು 70ನೆಯ ದಿನಗಳಲ್ಲಿ. ಈಗ ಎರಡಕ್ಕೂ ಎಂಟು ವಾರಕ್ಕೆ, ಅಂದರೆ 56ನೆಯ ದಿನ, ಒಂದೇ ಸೀಸೆಯಿಂದ ಲಸಿಕೆ ಹಾಕಿದೆವೆನ್ನಿ. ಬಡಕಲು ಮರಿಗೆ ಲಸಿಕೆ ಹಿಡಿಯುತ್ತದೆ. ಗಟ್ಟಿ ಮರಿಗೆ ಹಿಡಿಯುವುದಿಲ್ಲ. ಸಾಲದೆಂಬಂತೆ ಅದು ಆ ದಿನ ರೋಗಕ್ಕೆ ತೆರೆದುಕೊಂಡೇ ಇದೆ. ನಾಲ್ಕು ವಾರ ಬಿಟ್ಟು, 84ನೆಯ ದಿನ, ಮತ್ತೆ ಹಾಕಿದರೆ ಅದಕ್ಕೂ ರಕ್ಷೆ ಒದಗುತ್ತದೆ. ಚೆನ್ನಾಗಿ ಹಾಲುಂಡು ಬೆಳೆದ ಮರಿಯೇ ಲಸಿಕೆಯ ನಂತರವೂ ಸಾಯುವ ವಿಚಿತ್ರಕ್ಕೆ ಇದೇ ಕಾರಣ.

ಮೇಲಿನ ಲೆಕ್ಕದಿಂದ ಇನ್ನೊಂದು ತಪ್ಪು ತಿಳಿವಳಿಕೆಯೂ ಹೋಗಬೇಕು. ಮರಿಗಳಿಗೆ ಮೂರು ನಾಲ್ಕು ಬಾರಿ ಲಸಿಕೆ ಹಾಕುವುದು ಮೆಟ್ಟಿಲ ಮೇಲೆ ಮೆಟ್ಟಿಲು ಕಟ್ಟಿದಂತೆ ಎಂದು ಬಹು ಜನ ಭಾವಿಸುತ್ತಾರೆ. ಎರಡು ಹಾಕಿಸಿದ್ದರೆ ಮೂರರಲ್ಲಿ ಎರಡು ಪಾಲು ರಕ್ಷೆ ಬಂದಿತೆಂದು ಮೂರನೆಯದನ್ನು ಬಿಡುತ್ತಾರೆ. ಜೀವಂತ ವೈರಸ್ಸಿನ ಲಸಿಕೆಗೆ ಈ ಲೆಕ್ಕ ಸಲ್ಲದು. ಅದು ಹಿಡಿದರೆ ಒಂದೇ ಸಲಕ್ಕೆ ಹಿಡಿಯುತ್ತದೆ. ಯಾವ ಮರಿಗೆ ಯಾವ ದಿನ ಹಿಡಿಯುವುದೆಂದು ಹೊರಗಿನಿಂದ ತಿಳಿಯದ ಕಾರಣ, ಬಾಗಿಲು ತೆರೆಯುವವರೆಗೆ ಮತ್ತೆ ಮತ್ತೆ ತಟ್ಟುತ್ತೇವೆ, ಅಷ್ಟೆ. ಆದ್ದರಿಂದ ಎಷ್ಟು ಸಲ ಹಾಕಿತು ಎಂಬುದಕ್ಕಿಂತ ಕೊನೆಯ ಸಲ ಯಾವ ವಯಸ್ಸಿನಲ್ಲಿ ಹಾಕಿತು ಎಂಬುದೇ ಮುಖ್ಯ. ಕಿರುಪ್ರಾಣಿಗಳ ಪಶುವೈದ್ಯರ ಜಾಗತಿಕ ಸಂಘವು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ, ಕನಿಷ್ಠಪಕ್ಷ 16ನೆಯ ವಾರದವರೆಗೆ ಮುಂದುವರಿಸಬೇಕೆನ್ನುತ್ತದೆ. ಆಗಲೂ ಹಿಡಿಯದ ಮರಿಗಳಿಗಾಗಿ 26ನೆಯ ವಾರ ಅಥವಾ ಆಮೇಲೆ ಮತ್ತೊಂದನ್ನು ಸೂಚಿಸುತ್ತದೆ. ಹತ್ತನೆಯ ವಾರಕ್ಕೇ ‘ಲಸಿಕೆ ಪೂರ್ಣವಾಗಿದೆ’ ಎಂಬ ಕಾರ್ಡಿನೊಡನೆ ಮರಿಯನ್ನು ಮಾರುವವರ ಮಾತನ್ನು ಕೊಳ್ಳುವವರು ಈ ಬೆಳಕಿನಲ್ಲಿ ನೋಡಬೇಕು.

ಪಾರ್ವೊ ರೋಗದ ಚರಿತ್ರೆ ಇಲ್ಲಿ ಗಮನಾರ್ಹವಾದುದು. 1978ರಲ್ಲಿ ಇದು ಹಠಾತ್ತಾಗಿ ಹಲವು ಖಂಡಗಳ ನಾಯಿಗಳಲ್ಲಿ ಕಾಣಿಸಿಕೊಂಡಿತು. ಅದಕ್ಕೆ ಕಾರಣವಾದ ವೈರಸ್ಸು ಬೆಕ್ಕುಗಳಲ್ಲಿ ಬಹುಕಾಲದಿಂದ ತಿಳಿದಿದ್ದ ಪ್ಯಾನ್‌ಲ್ಯೂಕೊಪೀನಿಯ ವೈರಸ್ಸಿನ ಹತ್ತಿರದ ಬಂಧು. ನಾಯಿಗೆಂದೇ ಮಾಡಿದ ಲಸಿಕೆ ಸಿದ್ಧವಾಗುವವರೆಗೆ ಬೆಕ್ಕಿನ ಲಸಿಕೆಯನ್ನೇ ನಾಯಿಗಳಿಗೆ ಬಳಸಿದರು. 1796ರಲ್ಲಿ ಜೆನ್ನರನು ಹಸುವಿನ ಸಿಡುಬಿನಿಂದ ಮನುಷ್ಯನ ಸಿಡುಬನ್ನು ತಡೆದ ಉಪಾಯವೇ ಮತ್ತೊಂದು ವೇಷದಲ್ಲಿ ಬಂದಿತು. ಈ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸಾಬೂನಿಗಾಗಲಿ ಫಿನೈಲಿಗಾಗಲಿ ಬಗ್ಗುವುದಿಲ್ಲ; ಬ್ಲೀಚಿಂಗ್ ಪುಡಿಯ ನೀರು ಬೇಕು. ಮರಿ ಸತ್ತ ಅಂಗಳಕ್ಕೆ ಕೆಲವೇ ದಿನಗಳಲ್ಲಿ ಮತ್ತೊಂದು ಮರಿಯನ್ನು ತರುವುದು ಕ್ಷೇಮವಲ್ಲ.

ಬೆಳೆದ ನಾಯಿಗಳ ವಿಷಯದಲ್ಲಿ ಹೇಳಬೇಕಾದ್ದು ಕಡಿಮೆ. ಮೇಲ್ಕಂಡ ಜೀವಂತ ಲಸಿಕೆಗಳು ಒಮ್ಮೆ ಹಿಡಿದ ಮೇಲೆ ಅವುಗಳ ರಕ್ಷೆ ಹಲವು ವರ್ಷ ನಿಲ್ಲುತ್ತದೆ. ಮೂರು ವರ್ಷಗಳಿಗಿಂತ ಮೊದಲು ಮತ್ತೆ ಹಾಕುವ ಅಗತ್ಯವಿಲ್ಲವೆಂಬುದು ಇಂದಿನ ಅಭಿಪ್ರಾಯ. ಇಲಿಜ್ವರದ ಲಸಿಕೆಯ ಸಂಗತಿ ಬೇರೆ: ಅದರ ರಕ್ಷೆ ಸುಮಾರು ಒಂದು ವರ್ಷದ್ದು. ಎಲ್ಲವನ್ನೂ ಪ್ರತಿ ವರ್ಷ ಹಾಕುವ ರೂಢಿಗೂ, ಏನನ್ನೂ ಹಾಕಿಸದ ಉದಾಸೀನಕ್ಕೂ ನಡುವೆ ವಿವೇಚನೆಯ ದಾರಿಯೊಂದಿದೆ.

ಬೆಕ್ಕುಗಳಲ್ಲಿಯೂ ಮರಿಯ ಲೆಕ್ಕ ಇದೇ. ಪ್ಯಾನ್‌ಲ್ಯೂಕೊಪೀನಿಯದ ಲಸಿಕೆ ಗಟ್ಟಿಯಾದ ರಕ್ಷೆ ಕೊಡುತ್ತದೆ. ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್ಸುಗಳಿಂದ ಬರುವ ಬೆಕ್ಕಿನ ಶೀತಜ್ವರದ ಲಸಿಕೆಗಳಿಂದ ಅಷ್ಟನ್ನು ನಿರೀಕ್ಷಿಸಬಾರದು. ಅವು ರೋಗದ ಉಗ್ರತೆಯನ್ನು ತಗ್ಗಿಸುತ್ತವೆಯೇ ಹೊರತು ಸೋಂಕನ್ನು ಪೂರ್ಣವಾಗಿ ತಡೆಯುವುದಿಲ್ಲ. 1990ರ ದಶಕದ ಆರಂಭದಿಂದ ತಿಳಿದುಬಂದ ಒಂದು ಅಪಾಯವನ್ನೂ ಮರೆಮಾಚಬಾರದು. ತೀರ ವಿರಳವಾಗಿ, ಚುಚ್ಚಿದ ಜಾಗದಲ್ಲಿ ಬೆಕ್ಕುಗಳಿಗೆ ದುರ್ಮಾಂಸದ ಗಡ್ಡೆ ಬೆಳೆಯುವುದುಂಟು. ಹೆಗಲ ನಡುವಿನ ಗಡ್ಡೆಯನ್ನು ಬೇರುಸಹಿತ ತೆಗೆಯುವುದು ಕಷ್ಟವಾದ್ದರಿಂದ ಅನೇಕ ವೈದ್ಯರು ಕಾಲಿನ ಕೆಳಭಾಗದಲ್ಲಿ ಚುಚ್ಚುತ್ತಾರೆ. ಮೂರು ತಿಂಗಳಾದರೂ ಕರಗದ ಗಂಟನ್ನು ಪಶುವೈದ್ಯರಿಗೆ ತೋರಿಸಲೇಬೇಕು.

ಇನ್ನು ರೇಬೀಸ್. ಇದುವರೆಗೆ ಹೇಳಿದ್ದು ಪ್ರಾಣಿಯ ಜೀವದ ಪ್ರಶ್ನೆ. ಇಲ್ಲಿ ಮನೆಯವರ ಜೀವವೂ ಸೇರುತ್ತದೆ. ಲಕ್ಷಣಗಳು ತೋರಿದ ಮೇಲೆ ಈ ರೋಗದಿಂದ ಬದುಕಿ ಉಳಿದವರು ಬೆರಳೆಣಿಕೆಯಷ್ಟು ಮಾತ್ರ. 1885ರ ಜುಲೈ 6ರಂದು ಪಾಸ್ಚರನು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನಿಗೆ ಮೊದಲ ಚುಚ್ಚುಮದ್ದು ಕೊಡಿಸಿದನು. ಭಾರತದಲ್ಲಿ ಕಸೌಲಿಯ ಸಂಸ್ಥೆ 1900ರಲ್ಲಿಯೂ ಕೂನೂರಿನದು 1907ರಲ್ಲಿಯೂ ಸ್ಥಾಪಿತವಾದವು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬಾತನು ಕುರಿಯ ಮಿದುಳಿನಿಂದ ಸಿದ್ಧಪಡಿಸಿದ ಲಸಿಕೆಯನ್ನೇ ನಮ್ಮ ಹಿರಿಯರು ‘ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚು’ ಎಂದು ಇಂದಿಗೂ ನೆನೆಯುತ್ತಾರೆ. ಅದರ ತಯಾರಿಕೆ ನಮ್ಮ ದೇಶದಲ್ಲಿ 2004ರ ಡಿಸೆಂಬರಿನಲ್ಲಿ ನಿಂತುಹೋಯಿತು. ಈಗಿನ ಲಸಿಕೆಯನ್ನು ತೋಳಿಗೆ ಕೆಲವೇ ಸಲ ಕೊಡುತ್ತಾರೆ. ಹದಿನಾಲ್ಕರ ಭಯದಿಂದ ಆಸ್ಪತ್ರೆಗೆ ಹೋಗದವರು ಈಗಲೂ ಇದ್ದಾರೆಂಬುದು ವಿಷಾದದ ಸಂಗತಿ.

ಮನುಷ್ಯರಿಗೆ ತಗಲುವ ರೇಬೀಸ್ ಬಹುತೇಕ ನಾಯಿಯ ಮೂಲಕವೇ ಬರುವುದರಿಂದ ನಾಯಿಗೆ ಹಾಕಿದ ಲಸಿಕೆಯು ಮನುಷ್ಯನಿಗೂ ರಕ್ಷೆಯಾಗುತ್ತದೆ. ಒಂದು ಪ್ರದೇಶದ ನಾಯಿಗಳಲ್ಲಿ 100ಕ್ಕೆ 70ಕ್ಕೆ ಲಸಿಕೆಯಾದರೆ ರೋಗದ ಸರಪಳಿ ಕಡಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮತ. ನಮ್ಮ ನೆರೆಯ ಗೋವೆಯಲ್ಲಿ ಬೀದಿನಾಯಿಗಳನ್ನೂ ಬಿಡದೆ ವರ್ಷವರ್ಷವೂ ಹೀಗೆ ಮಾಡಿ, 2021ರಲ್ಲಿ ಆ ರಾಜ್ಯವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿದರು.

ಸಾಕುನಾಯಿಗೆ ಈ ಲಸಿಕೆಯನ್ನು ಸಾಮಾನ್ಯವಾಗಿ 12ನೆಯ ವಾರದಲ್ಲಿ, ಮತ್ತೆ ಒಂದು ವರ್ಷಕ್ಕೆ, ಆಮೇಲೆ ಲಸಿಕೆಯ ಪತ್ರದಲ್ಲಿ ನಮೂದಿಸಿದ ಅವಧಿಗೊಮ್ಮೆ ಹಾಕಿಸಬೇಕು. ಹಾಗೆಂದ ಮೇಲೆ ಮೂರು ತಿಂಗಳು ತುಂಬದ ಮರಿಗೆ ರಕ್ಷೆಯಿಲ್ಲವೆಂದಾಯಿತು. ಮರಿಗೆ ರೇಬೀಸ್ ಬಾರದೆಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ, ಅದು ಸುಳ್ಳು. ಮಕ್ಕಳು ಬೀದಿಯಿಂದ ಎತ್ತಿ ತಂದು ಮುದ್ದಾಡುವುದು ಇಂಥ ಮರಿಗಳನ್ನೇ. ‘ಹುಚ್ಚುನಾಯಿ’ ಎಂಬ ಹೆಸರೂ ದಾರಿ ತಪ್ಪಿಸುತ್ತದೆ. ಕೆಲವು ನಾಯಿಗಳು ಯಾರನ್ನೂ ಅಟ್ಟಿಸಿಕೊಂಡು ಹೋಗದೆ, ದವಡೆ ಜೋತು, ಜೊಲ್ಲು ಸುರಿಸುತ್ತ ಮೂಲೆಯಲ್ಲಿ ಮಲಗಿರುತ್ತವೆ. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆಯೆಂದು ಭಾವಿಸಿ ಬಾಯೊಳಗೆ ಬೆರಳಿಡುವವರು ಆಗ ಅಪಾಯಕ್ಕೆ ಗುರಿಯಾಗುತ್ತಾರೆ.

ನಾಯಿ, ಬೆಕ್ಕು ಅಥವಾ ಮರಿ ಕಚ್ಚಿದರೂ ಪರಚಿದರೂ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಸುಣ್ಣ, ಅರಿಶಿನ, ಮೆಣಸಿನಪುಡಿ ಯಾವುದನ್ನೂ ಹಚ್ಚದೆ, ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಪ್ರಾಣಿಯ ಲಸಿಕೆಯ ಕಾರ್ಡಿದ್ದರೆ ಅದನ್ನು ಜೊತೆಯಲ್ಲಿ ಒಯ್ದು ವೈದ್ಯರಿಗೆ ತೋರಿಸಬೇಕು; ಕಾರ್ಡಿದೆಯೆಂಬ ಧೈರ್ಯದಿಂದ ಮನೆಯಲ್ಲಿ ಉಳಿಯುವುದು ಸಲ್ಲದು.