ಕಫದ ಸ್ಲೈಡು ಹೇಳುವ ಸುದ್ದಿ

ಹೈದರಾಬಾದಿನ ಜೀಡಿಮೆಟ್ಲಾ ಕಾರ್ಖಾನೆಗಳ ಊರು. ಕೆಲಸ ಹುಡುಕಿಕೊಂಡು ಬೀದರ್, ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಹೋಗುವವರಿಗೆ ಇಂಥ ಕೈಗಾರಿಕಾ ಪ್ರದೇಶಗಳು ಹೊಸವೇನಲ್ಲ. ಅಲ್ಲಿ ಕೆಮ್ಮು ಹಿಡಿದರೆ ಹೊಗೆ, ದೂಳಿನ ಮೇಲೆ ಹಾಕಿ ಸುಮ್ಮನಾಗುವುದು ಸುಲಭ. ಆದರೆ ಅದು ದೂಳಿನ ಕೆಮ್ಮೋ ಕ್ಷಯದ ಕೆಮ್ಮೋ ಎಂದು ಬರೀ ಕೇಳಿಸಿಕೊಂಡು ಹೇಳಲಾಗದು. ಕಫ ನೋಡಲೇಬೇಕು.

ಟೆಕ್ನಿಷಿಯನ್ ಮೊದಲು ನೋಡುವುದು ಡಬ್ಬಿಯಲ್ಲಿರುವುದು ಕಫವೋ ಬರೀ ಎಂಜಲೋ ಎಂದು. ಹಳದಿ ಬಣ್ಣದ ಗಟ್ಟಿ ಭಾಗವನ್ನೇ ಕಡ್ಡಿಯಲ್ಲೆತ್ತಿ, ಸ್ಲೈಡಿನ ಮೇಲೆ 3 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲಕ್ಕೆ ತೆಳುವಾಗಿ ಸವರುತ್ತಾರೆ. ಒಣಗಿದ ಮೇಲೆ ಕಾರ್ಬಲ್ ಫ್ಯೂಕ್ಸಿನ್ ಎಂಬ ಕೆಂಪು ಬಣ್ಣ ಹಾಕಿ, ಅಡಿಯಿಂದ ಉರಿ ತೋರಿಸುತ್ತಾರೆ. ಆವಿ ಏಳಬೇಕು, ಕುದಿಯಬಾರದು. 5 ನಿಮಿಷ ಬಿಟ್ಟು ತೊಳೆದು, ಶೇ 25ರ ಗಂಧಕಾಮ್ಲ ಸುರಿದರೆ ಉಳಿದೆಲ್ಲದರ ಕೆಂಪು ಹೋಗುತ್ತದೆ. ಮೇಣದಂಥ ಹೊದಿಕೆಯಿರುವ ಕ್ಷಯದ ಬ್ಯಾಕ್ಟೀರಿಯಾ ಮಾತ್ರ ಬಣ್ಣ ಬಿಡುವುದಿಲ್ಲ. ಕೊನೆಗೆ ಮೆಥಿಲೀನ್ ಬ್ಲೂ. ಸಾವಿರ ಪಟ್ಟು ಹಿಗ್ಗಿಸಿದಾಗ, ನೀಲಿಯ ನಡುವೆ ತುಸು ಬಾಗಿದ ಕೆಂಪು ಕಡ್ಡಿಗಳು ಕಾಣುತ್ತವೆ.

ಕಂಡರೆ ಎಣಿಸಬೇಕು. ಕಾಣದಿದ್ದರೆ ಸ್ಲೈಡನ್ನು ಸರಿಸುತ್ತ 100 ಕಡೆ ನೋಡಿದ ಮೇಲಷ್ಟೇ ‘ನೆಗೆಟಿವ್’ ಎಂದು ಬರೆಯಬಹುದು. ಈ ತಾಳ್ಮೆಗೆ ಸಲ್ಲಬೇಕಾದ ಗೌರವ ನಮ್ಮಲ್ಲಿ ಸಂದಿಲ್ಲ.

ನ್ಯುಮೋನಿಯಾದ ಕಫಕ್ಕೆ ಬೇರೆ ಬಣ್ಣ: 1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಪ್ರಕಟಿಸಿದ ವಿಧಾನ. ಅದರಲ್ಲಿ ನ್ಯುಮೋಕಾಕಸ್ ನೇರಳೆ ಬಣ್ಣದ ಜೋಡಿಗಳಾಗಿ, ಕ್ಲೆಬ್ಸಿಯೆಲ್ಲಾ ಗುಲಾಬಿ ಬಣ್ಣದ ದಪ್ಪ ಕಡ್ಡಿಗಳಾಗಿ ಕಾಣುತ್ತವೆ.

ಕ್ಷಯದ ಸ್ಲೈಡನ್ನು ದೇಶದ ಸಾಮಾನ್ಯ ಆಸ್ಪತ್ರೆಗಳಿಗೆ ತಲುಪಿಸಿದ್ದರಲ್ಲಿ ಕನ್ನಡನಾಡಿನ ಪಾಲು ದೊಡ್ಡದು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿನ ಸಂಶೋಧಕರಾದ ಡಿ. ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದಾಗ, ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಅದಾಗಲೇ ಆಸ್ಪತ್ರೆಗಳಿಗೆ ಹೋಗಿ ಬಂದಿದ್ದರು. ಅಂದರೆ ಜನ ಅಸಡ್ಡೆ ಮಾಡಿರಲಿಲ್ಲ, ಅವರ ಕಫ ನೋಡುವವರಿರಲಿಲ್ಲ. ಹೀಗಾಗಿ ಹತ್ತಿರದ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ ಮಾಡುವ ಜಿಲ್ಲಾ ಕ್ಷಯರೋಗ ಕಾರ್ಯಕ್ರಮಕ್ಕೆ ಈ ಸಂಸ್ಥೆ ರೂಪ ಕೊಟ್ಟಿತು. 1962ರಲ್ಲಿ ದೇಶ ಅದನ್ನು ಕೈಗೆತ್ತಿಕೊಂಡಿತು.

ಸ್ಲೈಡಿಗೂ ಮಿತಿಯಿದೆ. ಕಫದ ಒಂದು ಮಿಲಿಲೀಟರಿನಲ್ಲಿ ಕನಿಷ್ಠ 5,000ದಿಂದ 10,000 ಬ್ಯಾಕ್ಟೀರಿಯಾ ಇಲ್ಲದಿದ್ದರೆ ಕಣ್ಣಿಗೆ ಸಿಗುವುದು ಕಷ್ಟ. ಅದಕ್ಕಾಗಿ ಈಗ ಬ್ಯಾಕ್ಟೀರಿಯಾದ ವಂಶವಾಹಿಯನ್ನೇ ಹುಡುಕುವ ಸಿಬಿನಾಟ್‌ನಂಥ ಪರೀಕ್ಷೆಗಳು ಬಂದಿವೆ. ಅವಕ್ಕೂ ಒಳ್ಳೆಯ ಕಫವೇ ಬೇಕು.

ಎರಡು ವಾರ ದಾಟಿದ ಕೆಮ್ಮಿದ್ದರೆ ಸರ್ಕಾರಿ ದವಾಖಾನೆಗೆ ಹೋಗಿ, ಪರೀಕ್ಷೆಗೆ ದುಡ್ಡಿಲ್ಲ. ಬಾಯಿ ಮುಕ್ಕಳಿಸಿ, ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಕಫ ಕೊಡಿ. ಬೆಳಗ್ಗೆ ಎದ್ದ ಕೂಡಲೇ ಬರುವ ಕಫವನ್ನು ತಪ್ಪದೆ ಕೊಡಿ.