ಗಾಲಿಗೆ ಕಲ್ಲು, ಕೈಗೆ ಬ್ರೇಕು

ಮಳೆಗಾಲದ ಭಾನುವಾರ ಗೋಕಾಕ ಫಾಲ್ಸ್‌ಗೆ ಹೋದವರೆಲ್ಲ ನೀರು ನೋಡುತ್ತಾರೆ. ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವುದನ್ನು, ತೂಗುಸೇತುವೆಯನ್ನು, ಕೈಯಲ್ಲಿದ್ದ ಗೋವಿನಜೋಳದ ತೆನೆಗೆ ಹೊಂಚು ಹಾಕುವ ಮಂಗಗಳನ್ನು. ನನ್ನ ಕಣ್ಣು ಮಾತ್ರ ಹಾಳಾದ್ದು, ರಸ್ತೆ ಬದಿಗೆ ನಿಂತ ಕಾರುಗಳ ಗಾಲಿಗೇ ಹೋಗುತ್ತದೆ. ಕಾರು ಪೂರ್ತಿ ನಿಲ್ಲುವ ಮೊದಲೇ ಹಿಂದಿನ ಬಾಗಿಲು ತೆರೆದು ಒಬ್ಬ ಹುಡುಗ ಜಿಗಿಯುತ್ತಾನೆ, ಕಲ್ಲು ಹುಡುಕುತ್ತಾನೆ. "ಲಗೂ ಹಚ್ಚಲೇ, ಗಾಡಿ ಹಿಂದ ಸರ್ಯಾಕತ್ತೈತಿ" ಅಂತ ಒಳಗಿನಿಂದ ಅಪ್ಪನ ಕೂಗು. ಕಲ್ಲು ಹಚ್ಚಿದ ಮೇಲೆಯೇ ಅಪ್ಪ ಬ್ರೇಕಿನ ಮೇಲಿನ ಕಾಲು ತೆಗೆಯುವುದು. ಸಂಜೆ ಹೊರಡುವಾಗ ಆ ಕಲ್ಲಿನ ನೆನಪು ಯಾರಿಗೂ ಇರುವುದಿಲ್ಲ. ಕತ್ತಲಲ್ಲಿ ಬೈಕಿನವನ ಮುಂದಿನ ಗಾಲಿಗೆ ಅದು ಸಿಗುತ್ತದೆ.

ನಾನೂ ಎರಡು ವರ್ಷ ಆ ಕಲ್ಲಿನ ಪಾರ್ಟಿಯವನೇ. ನನ್ನದು ಹಳೆಯ ಸಣ್ಣ ಕಾರು. ಒಮ್ಮೆ ಹಿಡಕಲ್ ಡ್ಯಾಮ್ ನೋಡಿಕೊಂಡು ಬರುವಾಗ ಹುಕ್ಕೇರಿ ಹಾದಿಯ ಒಂದು ಏರಿನಲ್ಲಿ ಚಾ ಕುಡಿಯಲು ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಕೊನೆತನಕ ಎಳೆದಿದ್ದೆ. ಅರ್ಧ ಕಪ್ಪು ಚಾ ಮುಗಿಯುವಷ್ಟರಲ್ಲಿ ಕಾರು ಸದ್ದಿಲ್ಲದೆ ಮಾರುದೂರ ಹಿಂದೆ ಬಂದು, ಬೇಲಿಯ ಕಲ್ಲುಕಂಬಕ್ಕೆ ಬೆನ್ನು ಕೊಟ್ಟು ನಿಂತಿತ್ತು. ಅದಕ್ಕೂ ಮೊದಲು ಬೇರೆ ಬೇರೆ ಗ್ಯಾರೇಜುಗಳಲ್ಲಿ ಮೂರು ಸಲ 'ಕೇಬಲ್ ಬಿಗಿ' ಮಾಡಿಸಿದ್ದೆ. ಪ್ರತಿ ಸಲ ಒಂದು ತಿಂಗಳು ಸುಖ, ಆಮೇಲೆ ಲಿವರು ಮತ್ತೆ ಎದೆಮಟ್ಟ ಏರುತ್ತಿತ್ತು.

ಕೊನೆಗೆ ಕಾರಿನ ರೋಗ ಹಿಡಿದವನು ಮೂಡಲಗಿಯ ಒಬ್ಬ ಮಿಸ್ತ್ರಿ. ಲಿವರು ಮುಟ್ಟಲೇ ಇಲ್ಲ. ಹಿಂದಿನ ಗಾಲಿಯ ಮೇಲೆ ಅಂಗೈ ಇಟ್ಟ. "ಸರ, ಬಿಸಿ ಐತಿ ನೋಡ್ರಿ. ಕೇಬಲ್ ಎಳದ ಎಳದ ಇಟ್ಟಾರ. ರೋಗ ಡ್ರಮ್ಮಿನ್ಯಾಗ ಐತಿ, ಔಷಧ ಹಗ್ಗಕ್ಕ ಕೊಟ್ಟಾರ."

ಈ ಲೇಖನದ ಸಾರವೆಲ್ಲ ಅವನ ಆ ಮಾತಿನಲ್ಲೇ ಇದೆ, ಆದರೂ ಬಿಡಿಸಿ ಹೇಳುತ್ತೇನೆ. ಕಾಲಿನ ಬ್ರೇಕು ನಡೆಯುವುದು ಎಣ್ಣೆಯ ಒತ್ತಡದ ಮೇಲೆ. ಹ್ಯಾಂಡ್‌ಬ್ರೇಕಿಗೆ ಎಣ್ಣೆಯ ಹಂಗಿಲ್ಲ. ಲಿವರಿನಿಂದ ಹಿಂದಿನ ಎರಡು ಗಾಲಿಗೆ ಉಕ್ಕಿನ ಕೇಬಲ್ಲು ಹೋಗುತ್ತದೆ. ಅದು ಡ್ರಮ್ಮಿನೊಳಗಿನ ಸಣ್ಣ ಸನ್ನೆಯನ್ನು ಎಳೆದರೆ ಎರಡು ಬ್ರೇಕ್ ಶೂಗಳು ಅಗಲಗೊಂಡು ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುತ್ತವೆ. ಶೂ ಮೇಲಿನ ಲೈನರ್ ಸವೆದಂತೆ ಅದಕ್ಕೂ ಡ್ರಮ್ಮಿಗೂ ನಡುವಿನ ಸಂದು ಹೆಚ್ಚುತ್ತದೆ. ಆ ಸಂದು ದಾಟುವುದರಲ್ಲೇ ಲಿವರಿನ ಅರ್ಧ ಎಳೆತ ವ್ಯರ್ಥ. ಸಂದನ್ನು ತಾನೇ ತುಂಬಿಕೊಳ್ಳಲಿ ಎಂದು ಈಗಿನ ಡ್ರಮ್ಮುಗಳಲ್ಲಿ ಹಲ್ಲಿನ ಚಕ್ರದ ಅಡ್ಜಸ್ಟರ್ ಇಟ್ಟಿರುತ್ತಾರೆ. ಸವೆತ ಮಿತಿ ಮೀರಿದಾಗ ಅದು ಒಂದೊಂದೇ ಹಲ್ಲು ತಿರುಗಿ ಶೂಗಳನ್ನು ಡ್ರಮ್ಮಿನ ಸಮೀಪಕ್ಕೆ ತರುತ್ತದೆ.

ಈಗ ಕೇಬಲ್ಲಿನ ನಟ್ಟು ಬಿಗಿಮಾಡಿದರೆ ಏನಾಗುತ್ತದೆ? ಲಿವರು ಕೆಳಗಿಳಿಸಿದಾಗಲೂ ಒಳಗಿನ ಸನ್ನೆ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಸನ್ನೆ ಮನೆಗೆ ಮರಳದೆ ಅಡ್ಜಸ್ಟರ್ ಕೆಲಸ ಮಾಡುವುದಿಲ್ಲ. ಶೂ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತದೆ, ಗಾಲಿ ಕಾಯುತ್ತದೆ, ಕಾರು ಪೆಟ್ರೋಲು ಕುಡಿಯುತ್ತದೆ, ಲೈನರ್ ಇನ್ನೂ ಬೇಗ ಸವೆಯುತ್ತದೆ. ಮುಂದಿನ ತಿಂಗಳು ಮತ್ತೆ ಬಿಗಿ. ನಾನು ಮೂರು ಸಲ ದುಡ್ಡು ಕೊಟ್ಟು ರೋಗ ಬೆಳೆಸಿಕೊಂಡಿದ್ದೆ.

ಆ ಮಿಸ್ತ್ರಿ ಮಾಡಿದ್ದು ಇಷ್ಟು. ಕಾರನ್ನು ಸಪಾಟು ನೆಲಕ್ಕೆ ತಂದು ಮುಂದಿನ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಹಚ್ಚಿಸಿದ. ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರು ತೆಗೆದು ಕೆಲಸ ಮಾಡುವಾಗ ಕಾರನ್ನು ಕಾಯುವುದು ಆ ಕಲ್ಲೇ, ನಗಬೇಡಿ. ಹಿಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ಕೂಡಿಸಿದ. ಬರೇ ಜಾಕಿನ ಭರವಸೆಯ ಮೇಲೆ ಕಾರಿನಡಿ ಹೋಗುವವರನ್ನು ಕಂಡರೆ ನನಗೆ ಈಗಲೂ ಮೈ ನಡುಗುತ್ತದೆ. ಮೊದಲು ಕೇಬಲ್ಲಿನ ನಟ್ಟು ಪೂರ್ತಿ ಸಡಿಲ ಮಾಡಿದ. ಮೂರು ಗ್ಯಾರೇಜಿನ ಬಿಗಿಯೆಲ್ಲ ಅಲ್ಲಿಗೆ ಬಿಚ್ಚಿತು. ಆಮೇಲೆ ಡ್ರಮ್ಮು ಬಿಚ್ಚಿದ. ಎಡಗಡೆ ಲೈನರಿನ ಮೇಲೆ ಎಣ್ಣೆಯ ಹೊಳಪು, ವೀಲ್ ಸಿಲಿಂಡರ್ ಸೋರಿತ್ತು. ಎಣ್ಣೆ ಕುಡಿದ ಲೈನರನ್ನು ಎಷ್ಟು ಬಿಗಿದರೂ ಜಾರುತ್ತದೆ, ತೊಳೆದು ಮತ್ತೆ ಹಾಕುವ ಮಾಲಲ್ಲ. ಬಲಗಡೆ ಅಡ್ಜಸ್ಟರ್ ಜಂಗು ಹಿಡಿದು ಅಲುಗದೆ ಕೂತಿತ್ತು. ಕಾಲುವೆ ನೀರು, ಎರಿ ಮಣ್ಣು, ಕಬ್ಬಿನ ಹಂಗಾಮಿನ ರಾಡಿ, ಮೂಡಲಗಿ ಸೀಮೆಯ ಗಾಡಿಗಳಿಗೆ ಇದೇನು ಹೊಸದಲ್ಲ ಎಂದ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲು ಹೊರಟಿದ್ದ ಪಕ್ಕದ ಹುಡುಗನನ್ನು ಗದರಿ ಹಸಿ ಬಟ್ಟೆ ಕೊಟ್ಟ. ಆ ಪುಡಿ ಎದೆಗೆ ಒಳ್ಳೆಯದಲ್ಲ, ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಕೂಡ ಇರುತ್ತಿತ್ತು.

ಸಿಲಿಂಡರ್ ಬದಲಾಯಿತು, ಎರಡೂ ಕಡೆ ಹೊಸ ಶೂ ಬಂತು. ಒಂದೇ ಕಡೆ ಹಾಕಿದರೆ ಬ್ರೇಕು ಎಳೆದಾಡುತ್ತದೆ. ಹಲ್ಲಿನ ಚಕ್ರ ತಿರುಗಿಸುತ್ತ ಡ್ರಮ್ಮು ಹಾಕಿ ತೆಗೆದು ನೋಡಿದ. ಗಾಲಿ ಕೈಯಲ್ಲಿ ತಿರುಗಿಸಿದರೆ ಲೈನರ್ ಸವರಿದ ಸಣ್ಣ 'ಸರ್' ಸದ್ದು ಕೇಳಬೇಕು, ಗಾಲಿ ಮಾತ್ರ ನಿಲ್ಲಬಾರದು. ಕಾಲಿನ ಬ್ರೇಕನ್ನು ಹತ್ತಾರು ಸಲ ಒತ್ತಿಸಿ ಶೂಗಳನ್ನು ಕೂಡಿಸಿದ. ಕೇಬಲ್ಲಿನ ಸರದಿ ಬಂದದ್ದು ಎಲ್ಲಕ್ಕಿಂತ ಕೊನೆಗೆ. "ಈಗ ಎಳೀರಿ ಸರ, ಎಣಸ್ರಿ." ಟಕ್, ಟಕ್, ಟಕ್. ಆರನೆಯದಕ್ಕೆ ಎರಡೂ ಗಾಲಿ ಗಟ್ಟಿ. ಎಷ್ಟು ಟಕ್ಕಿಗೆ ಹಿಡಿಯಬೇಕು ಎಂಬುದು ಆಯಾ ಕಾರಿನ ಪುಸ್ತಕದಲ್ಲಿ ಇರುತ್ತದೆ, ಒಂದು ಕಾರಿನ ಲೆಕ್ಕ ಇನ್ನೊಂದಕ್ಕೆ ಬರುವುದಿಲ್ಲ. ಲಿವರು ಬಿಟ್ಟಾಗ ಎರಡೂ ಗಾಲಿ ಸಲೀಸಾಗಿ ತಿರುಗಿದ ಮೇಲೆಯೇ ಅವನು ಪಾನಾ ಕೆಳಗಿಟ್ಟ. ಹಿಂದೆ ಡಿಸ್ಕ್ ಬ್ರೇಕು ಇದ್ದರೆ ಕ್ರಮ ಬೇರೆ. ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಬ್ರೇಕಿಗಂತೂ ಪಾನಾ ಹಿಡಿದು ಹೋಗಲೇಬೇಡಿ.

ಕಾಯಿದೆಯೂ ಈ ವಿಷಯದಲ್ಲಿ ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 126ನೇ ಕಲಮಿನ ಪ್ರಕಾರ, ಚಾಲಕನಿಲ್ಲದ ಗಾಡಿಯನ್ನು ಸಾರ್ವಜನಿಕ ಜಾಗದಲ್ಲಿ ಬಿಡುವುದಾದರೆ ಎಂಜಿನ್ ಬಂದ್ ಮಾಡಿ ಬ್ರೇಕು ಹಾಕಿರಬೇಕು, ಇಲ್ಲವೇ ಅದು ತಾನಾಗಿ ಚಲಿಸದಂತೆ ಬೇರೆ ವ್ಯವಸ್ಥೆ ಮಾಡಿರಬೇಕು. ನಮ್ಮ ಕಲ್ಲು ಆ 'ಬೇರೆ ವ್ಯವಸ್ಥೆ'ಯಲ್ಲಿ ಬರುತ್ತದೆ ಎಂದು ವಾದಿಸಬಹುದೇನೋ, ವಕೀಲರನ್ನು ಕೇಳಬೇಕು. ಇನ್ನು ವಿಶ್ವಸಂಸ್ಥೆಯ ವಾಹನ ನಿಯಮಾವಳಿ, ಭಾರ ತುಂಬಿದ ಕಾರನ್ನು ಶೇ. 20ರ ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕೊಂದೇ ಹಿಡಿದು ನಿಲ್ಲಿಸಬೇಕು ಎನ್ನುತ್ತದೆ. ನೂರು ಅಡಿ ಮುಂದೆ ಹೋದರೆ ಇಪ್ಪತ್ತು ಅಡಿ ಏರುವ ರಸ್ತೆ ಅದು. ನನ್ನ ಕಾರು ಜಾರಿದ ಹುಕ್ಕೇರಿಯ ಏರು ಅದರ ಅರ್ಧವೂ ಇರಲಿಲ್ಲ.

ನಿಲ್ಲಿಸುವ ರೀತಿಯಲ್ಲೂ ಒಂದು ಹದವಿದೆ. ಕಾಲಿನ ಬ್ರೇಕು ಒತ್ತಿಕೊಂಡೇ ಗೇರು ತೆಗೆದು ಹ್ಯಾಂಡ್‌ಬ್ರೇಕ್ ಎಳೆಯಿರಿ, ಕಾಲು ಮೆಲ್ಲಗೆ ಬಿಟ್ಟು ಕಾರಿನ ಭಾರ ಅದರ ಮೇಲೆ ಕೂರಲಿ. ಆಮೇಲೆ ಎಂಜಿನ್ ಬಂದ್ ಮಾಡಿ ಗೇರು ಹಾಕಿ, ಏರಿಗೆ ಮುಖವಾದರೆ ಒಂದನೇ ಗೇರು, ಇಳಿಜಾರಿಗೆ ಮುಖವಾದರೆ ರಿವರ್ಸು. ಮಳೆಯಲ್ಲಿ ತೊಯ್ದ ಕಾರನ್ನು ವಾರಗಟ್ಟಲೆ ಸಪಾಟು ಅಂಗಳದಲ್ಲಿ ಬಿಡುವುದಾದರೆ ಮಾತ್ರ ಗೇರೂ ಕಲ್ಲೂ ಸಾಕು, ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಹಸಿ ಲೈನರು ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ.

ಮೊನ್ನೆ ಮತ್ತೆ ಗೋಕಾಕ ಫಾಲ್ಸ್‌ಗೆ ಹೋಗಿದ್ದೆ. ಆರು ಟಕ್ಕಿಗೆ ಕಾರು ನಿಂತಿತು. ಆದರೂ ಇಳಿದವನೇ ಗಾಲಿಗೆ ಒಂದು ಕಲ್ಲು ಹಚ್ಚಿದೆ, ಕೈಯ ರೂಢಿ ಎಲ್ಲಿ ಹೋಗುತ್ತದೆ. ಹೊರಡುವಾಗ ಎರಡು ಕಲ್ಲು ಎತ್ತಿ ರಸ್ತೆಯಾಚೆ ಗಿಡದ ಬುಡಕ್ಕೆ ಇಟ್ಟೆ. ಅದರಲ್ಲಿ ಒಂದು ನನ್ನದಲ್ಲ.